ಇದ್ದಿಲು ಹಿಡಿದದ್ದು, ದಿಬ್ಬದಲ್ಲಿ ಉಳಿಯುವುದು

ಬಂಗಾರಪೇಟೆಯಿಂದ ಮಾರಿಕುಪ್ಪದ ರೈಲಿನಲ್ಲಿ ಚಾಂಪಿಯನ್ ರೀಫ್ಸ್‌ನತ್ತ ಸಾಗುವವರಿಗೆ ಬೋಳು ದಿಬ್ಬಗಳ ಸಾಲು ಕಾಣುತ್ತದೆ. ಮಲೆನಾಡಿನವರಾದ ನಮ್ಮ ಕಣ್ಣಿಗೆ ಅವು ಬೇಸಗೆಯಲ್ಲಿ ಹುಲ್ಲು ಒಣಗಿದ ಗುಡ್ಡಗಳಂತೆ ತೋರಬಹುದು. ಆದರೆ ಅವು ಪ್ರಕೃತಿ ಕಟ್ಟಿದ ಗುಡ್ಡಗಳಲ್ಲ. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ತೊಳೆದು, ಚಿನ್ನವನ್ನು ತೆಗೆದ ಮೇಲೆ ಉಳಿದ ಚರಟವದು. ಜನರು ಅವುಗಳನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ.

ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 2024ರ ಜೂನ್‌ನಲ್ಲಿ, 13 ದಿಬ್ಬಗಳ ಸುಮಾರು 3.3 ಕೋಟಿ ಟನ್ ಚರಟದಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು ಒಪ್ಪಿಗೆ ನೀಡಿತು. ಚಿನ್ನವೆಷ್ಟು, ಉದ್ಯೋಗವೆಷ್ಟು ಎಂಬ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಅದನ್ನು ಅರಿಯಲು ಒಂದು ಇದ್ದಿಲ ಚೂರು ಸಾಕು.

ಶಾಲೆಯಲ್ಲಿ ಮಡಕೆಗೆ ಮರಳು, ಇದ್ದಿಲು ತುಂಬಿ ನೀರು ಸೋಸಿದ ನೆನಪು ಹಲವರಿಗಿರಬಹುದು. ಇದ್ದಿಲು ನೀರಿನ ಬಣ್ಣವನ್ನೂ ವಾಸನೆಯನ್ನೂ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಇದೇ ಅಧಿಶೋಷಣೆ. ಸ್ಪಂಜು ನೀರನ್ನು ಹೀರುವಂಥ ಕ್ರಿಯೆ ಇದಲ್ಲ. ಅಣುಗಳು ರಂಧ್ರಗಳ ಗೋಡೆಗೆ ಅಂಟಿ ನಿಲ್ಲುವ ಕ್ರಿಯೆ. ಕಲ್ಲಿದ್ದಲಿನ ಒಡಲಲ್ಲಿ ಇಂಗಾಲದ ಉಂಗುರಗಳು ಪದರಪದರವಾಗಿ, ಅಡ್ಡಾದಿಡ್ಡಿಯಾಗಿ ಜೋಡಿಸಿಕೊಂಡಿರುತ್ತವೆ. ಅವುಗಳ ನಡುವಿನ ಅತಿ ಕಿರಿದಾದ ರಂಧ್ರಗಳ ಅಗಲ ಒಂದು ಮಿಲಿಮೀಟರಿನ ಐದು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೀಥೇನ್ ಅಣುಗಳು ಕೋಟ್ಯಂತರ ವರ್ಷ ಅಲ್ಲಿ ಅಂಟಿ ಕುಳಿತಿರುತ್ತವೆ. ಆದರೆ ಆ ಹಿಡಿತ ದುರ್ಬಲ. ಗಣಿ ತೋಡಿ ಒತ್ತಡ ಇಳಿದೊಡನೆ ಮೀಥೇನ್ ಬಿಡುಗಡೆಯಾಗುತ್ತದೆ. ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟಗಳಿಗೆ ಕಾರಣವಾಗುವುದು ಅದೇ.

ಕೋಲಾರದಲ್ಲಿ ಕಲ್ಲಿದ್ದಲಿಲ್ಲ, ನಿಜ. ಆದರೆ ಸೈನೈಡ್ ದ್ರಾವಣದಿಂದ ಚಿನ್ನ ಹಿಡಿಯಲು ಜಗತ್ತಿನಲ್ಲಿಂದು ಹೆಚ್ಚು ಬಳಕೆಯಲ್ಲಿರುವುದು ತೆಂಗಿನ ಚಿಪ್ಪನ್ನು ಸುಟ್ಟು ಸಿದ್ಧಪಡಿಸಿದ ಕ್ರಿಯಾಶೀಲ ಇದ್ದಿಲು. ಅದರ ಒಂದು ಗ್ರಾಂನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ, ಅಂದರೆ ಕಾಲು ಎಕರೆ! ಚಿನ್ನವು ಸೈನೈಡಿನೊಡನೆ ಕೂಡಿ ಆ ಗೋಡೆಗಳಿಗೆ ಅಂಟುತ್ತದೆ. ಬಳಿಕ ಬಿಸಿ ಕ್ಷಾರ ದ್ರಾವಣದಿಂದ ತೊಳೆದಾಗ ಇದ್ದಿಲು ಅದನ್ನು ಬಿಟ್ಟುಕೊಡುತ್ತದೆ.

ಇಲ್ಲಿಯೇ ನಾವು ಗಮನಿಸಬೇಕಾದ ಸತ್ಯವಿದೆ. ಇದ್ದಿಲು ಹಿಡಿಯುತ್ತದೆ, ನಾಶಮಾಡುವುದಿಲ್ಲ. ಸಂದರ್ಭ ಬದಲಾದರೆ ಹಿಡಿದದ್ದನ್ನು ಬಿಡುತ್ತದೆ. ಚಿನ್ನ ಅದರೊಡನೆ ಹೊರಟುಹೋದರೂ ಅರೆದ ಬಂಡೆಯ ಪುಡಿಯೆಲ್ಲವೂ ಅಲ್ಲಿಯೇ ಉಳಿಯುತ್ತದೆ. ಹೊಸದಾಗಿ ಸುರಿದ ಸೈನೈಡಿನ ಶೇಷವೂ ಉಳಿಯುತ್ತದೆ. ಬಿಸಿಲು, ಗಾಳಿಗಳು ಸೈನೈಡನ್ನು ಕ್ರಮೇಣ ಒಡೆಯುತ್ತವೆಂಬುದು ದಿಟ. ಆದರೆ ದ್ರಾವಣದ ಕ್ಷಾರಗುಣ ಕುಗ್ಗಿದರೆ ಅದೇ ಸೈನೈಡ್ ವಿಷಾನಿಲವಾಗಿ ಏಳುತ್ತದೆ. ನುಣ್ಣನೆಯ ಧೂಳನ್ನಂತೂ ಯಾವ ಇದ್ದಿಲೂ ಹಿಡಿಯದು. ಅದನ್ನು ಉಸಿರಾಡುವವರು ದಿಬ್ಬದ ಬುಡದಲ್ಲಿ ವಾಸಿಸುವವರು.

ಆದ್ದರಿಂದ ದಿಬ್ಬಗಳನ್ನು ಮುಟ್ಟಲೇಬಾರದೆಂದು ನಾವು ಹೇಳುತ್ತಿಲ್ಲ. ಅವು ಇದ್ದಂತೆಯೇ ಇದ್ದರೂ ಧೂಳು ಹಾರುತ್ತಲೇ ಇರುತ್ತದೆ. ಕೆಲಸ ಕಳೆದುಕೊಂಡ ಊರಿಗೆ ಕೆಲಸವೂ ಬೇಕು. ಆದರೆ ಒಪ್ಪಂದದ ಮೊದಲ ಪುಟದಲ್ಲಿಯೇ ಈ ಪ್ರಶ್ನೆಗಳಿಗೆ ಉತ್ತರವಿರಬೇಕು: ಎರಡನೆಯ ಸಲ ತೊಳೆದ ಚರಟವನ್ನು ಎಲ್ಲಿ, ಯಾವ ತಳಹಾಸಿನ ಮೇಲೆ ಇಡುತ್ತಾರೆ? ಸೈನೈಡನ್ನು ಹೊರಬಿಡುವ ಮೊದಲು ಒಡೆಯುವರೇ? ಬಾವಿಗಳ ನೀರನ್ನು ಯಾರು ಪರೀಕ್ಷಿಸಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಪ್ರಕಟಿಸುವರು? ಕೊನೆಗೆ ದಿಬ್ಬಕ್ಕೆ ಮಣ್ಣು ಹೊದಿಸಿ ಹಸಿರು ಬೆಳೆಸುವ ಹಣ ಮೊದಲೇ ಠೇವಣಿಯಾಗುವುದೇ?

ಇದು ದೂರದ ಬಯಲುಸೀಮೆಯ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು; ಅದರ ಚರಟ ಲಕ್ಯಾ ಅಣೆಕಟ್ಟೆಯ ಹಿಂದೆ ಉಳಿದಿದೆ. ಅದಿರು ಒಮ್ಮೆ ಊರು ಬಿಟ್ಟರೆ ಮುಗಿಯಿತು. ಚರಟಕ್ಕೆ ಮಾತ್ರ ಊರೇ ಗತಿ. ಅದನ್ನು ಹಿಡಿದಿಡುವ ಹೊಣೆ ಯಾರದೆಂಬುದು ಚಿನ್ನ ಹೊರಡುವ ಮುನ್ನವೇ ತೀರ್ಮಾನವಾಗಬೇಕು.