ಫಾರ್ಮ್ಯಾಟ್ ಮಾಡಲೇ ಎಂದರೆ ಹೂಂ ಎನ್ನಬೇಡಿ

ಕಳೆದ ತಿಂಗಳು ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ತನ್ನ ತಂದೆಯೊಡನೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಸಾಬೂನಿನ ಡಬ್ಬಿಯಷ್ಟಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ತೀರಿಹೋದ ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಅದರಲ್ಲಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಮನೆಯ ಕಂಪ್ಯೂಟರಿಗೆ ಜೋಡಿಸಿದರೆ, ‘ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಪರದೆಯ ಮೇಲೆ ಪ್ರಶ್ನೆ ಮೂಡುತ್ತಿತ್ತಂತೆ.

‘ಕಂಪ್ಯೂಟರೇ ಕೇಳ್ತಿದೆಯಲ್ಲ, ಹೂಂ ಅನ್ನು ಅಂದೆ ಸಾರ್. ಇವಳು ಒಪ್ಪಲಿಲ್ಲ’ ಎಂದರು ತಂದೆ. ಒಪ್ಪದಿದ್ದುದೇ ಒಳ್ಳೆಯದಾಯಿತು.

ಹಾರ್ಡ್ ಡಿಸ್ಕನ್ನು ಒಂದು ಗ್ರಂಥಾಲಯ ಎಂದುಕೊಳ್ಳಿ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಬರೆದಿಟ್ಟ ಸೂಚಿಯೊಂದು ಅಲ್ಲಿರುತ್ತದೆ. ಸೂಚಿಯನ್ನು ಓದಲಾಗದಿದ್ದರೆ ಕಂಪ್ಯೂಟರಿಗೆ ಗ್ರಂಥಾಲಯವೇ ಖಾಲಿಯಂತೆ ಕಾಣುತ್ತದೆ. ಪುಸ್ತಕಗಳು ಮಾತ್ರ ಕಪಾಟಿನಲ್ಲೇ ಇರುತ್ತವೆ. ‘ಕ್ವಿಕ್ ಫಾರ್ಮ್ಯಾಟ್’ ಮಾಡಿದರೆ ಹೊಸ ಖಾಲಿ ಸೂಚಿ ಸಿದ್ಧವಾಗುತ್ತದೆ. ಹಳೆಯ ಪುಸ್ತಕಗಳ ಜಾಗವೆಲ್ಲ ತೆರವಾಗಿದೆ ಎಂದು ಕಂಪ್ಯೂಟರ್ ಭಾವಿಸುತ್ತದೆ. ಪೂರ್ಣ ಫಾರ್ಮ್ಯಾಟ್ ಇನ್ನೂ ಕಠೋರ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಅದು ಡಿಸ್ಕಿನ ಉದ್ದಕ್ಕೂ ಸೊನ್ನೆಗಳನ್ನು ಬರೆದುಬಿಡುತ್ತದೆ. ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪ್ರಯೋಗಾಲಯದಲ್ಲಿ ಬಲ್ಬು ಹೊತ್ತದಿದ್ದರೆ ಏನು ಮಾಡುತ್ತೀರೋ ಅದನ್ನೇ. ಮೊದಲು ತಂತಿ, ಆಮೇಲೆ ಸೆಲ್ಲು, ಕೊನೆಗೆ ಬಲ್ಬು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು.

ಹುಡುಗಿಯನ್ನು ಕೇಳಿದೆ: ‘ಮನೆಯಲ್ಲಿ ಯಾವುದಕ್ಕೆ ಚುಚ್ಚಿದ್ದೆಯಮ್ಮ?’ ಮೌಸು, ಕೀಲಿಮಣೆ, ಫೋನಿನ ಚಾರ್ಜು ಎಲ್ಲವೂ ಸೇರಿದ್ದ ಯುಎಸ್‌ಬಿ ಹಬ್ಬಿಗೆ. ನನಗೆ ಅಲ್ಲೇ ಅನುಮಾನ ಬಂತು. ಎರಡೂವರೆ ಇಂಚಿನ ಈ ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಸಂಪರ್ಕವಿಲ್ಲ. ತಟ್ಟೆ ತಿರುಗಲು ಬೇಕಾದ ಶಕ್ತಿಯೂ ಯುಎಸ್‌ಬಿ ತಂತಿಯಿಂದಲೇ ಬರಬೇಕು. ಯುಎಸ್‌ಬಿ 2.0 ಕಿಂಡಿಯ ಮಿತಿ 500 ಮಿಲಿಆಂಪಿಯರ್, ಯುಎಸ್‌ಬಿ 3.0ರದ್ದು 900. ಸ್ವಂತ ಅಡಾಪ್ಟರ್ ಇಲ್ಲದ ಹಬ್ಬಿನಲ್ಲಿ ಅಷ್ಟನ್ನೇ ಎಲ್ಲವೂ ಹಂಚಿಕೊಳ್ಳಬೇಕು. ತಟ್ಟೆಗೆ ತಿರುಗಲು ಆರಂಭಿಸುವಾಗಲೇ ಹೆಚ್ಚು ವಿದ್ಯುತ್ ಬೇಕು. ಅದು ಸಾಲದಿದ್ದರೆ ದೀಪ ಹೊತ್ತಿಕೊಂಡಿದ್ದರೂ ಓದುವ ಕೆಲಸ ನಡುವೆ ನಿಂತುಹೋಗಬಹುದು.

ಬೇರೆ ಗಿಡ್ಡ ತಂತಿಯಿಂದ ನನ್ನ ಕಂಪ್ಯೂಟರಿಗೆ ನೇರವಾಗಿ ಜೋಡಿಸಿದೆ. ಡಿಸ್ಕ್ ತೆರೆದುಕೊಂಡಿತು.

ಎಲ್ಲರಿಗೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ತಂತಿ ಬದಲಿಸಿದರೂ ಕಾಣದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಡಿಸ್ಕ್ ಅಲ್ಲಿ ಆರೋಗ್ಯವಾಗಿ ಕಂಡು, ಡಿ, ಇ ಮುಂತಾದ ಅಕ್ಷರ ಮಾತ್ರ ಇಲ್ಲದಿದ್ದರೆ, ಒಂದು ಅಕ್ಷರ ಕೊಟ್ಟರೆ ಸಾಕು. ‘ರಾ’ ಎಂದು ತೋರಿಸಿದರೆ ಸೂಚಿಯನ್ನು ಓದಲಾಗುತ್ತಿಲ್ಲವೆಂದು ಅರ್ಥ. ಆಗ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಕಡತಗಳನ್ನು ಹುಡುಕಿ ತೆಗೆಯಬಹುದು. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಬರೆಯಬಾರದು, ಬೇರೊಂದಕ್ಕೆ ಬರೆಯಬೇಕು. ಹೊಸ ಡಿಸ್ಕಿಗೆ ಮಾಡುವ ‘ಇನಿಶಿಯಲೈಸ್’ ಎಂಬ ಕ್ರಿಯೆಗೂ ಒಪ್ಪಿಗೆ ಕೊಡಬೇಡಿ. ಮ್ಯಾಕ್ ಅಥವಾ ಲಿನಕ್ಸ್ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಡಿಸ್ಕಾಗಿದ್ದರೆ ವಿಂಡೋಸ್‌ಗೆ ಅದರ ಸೂಚಿ ಅರ್ಥವಾಗದಿರಬಹುದು. ಮೊದಲು ಅದರ ತವರಿನಲ್ಲೇ ಪರೀಕ್ಷಿಸಿ.

ನೇರವಾಗಿ ಜೋಡಿಸಿದ ಮೇಲೂ ಒಳಗಿನಿಂದ ಟಿಕ್ ಟಿಕ್ ಸದ್ದು ಕೇಳಿದರೆ ಕೂಡಲೇ ಕಳಚಿ ಪಕ್ಕಕ್ಕಿಡಿ. ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓದುವ ಶಿರ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪದ ಮುಂದೆ ಅದು ಸಾವಿರಾರು ಪಾಲಿನಲ್ಲಿ ಒಂದು ಪಾಲು! ಆ ಶಿರವೇ ಕೆಟ್ಟಿದ್ದರೆ ಪ್ರತಿ ಪ್ರಯತ್ನವೂ ತಟ್ಟೆಯನ್ನು ಗೀರಬಹುದು. ಕುತೂಹಲಕ್ಕೆಂದು ತಿರುಪು ಬಿಚ್ಚಿದರಂತೂ ಧೂಳಿನ ಒಂದು ಕಣವೇ ಶಿರಕ್ಕೆ ಬೆಟ್ಟದಂತೆ ಅಡ್ಡ ನಿಲ್ಲುತ್ತದೆ. ಅದು ದತ್ತಾಂಶ ಮರಳಿಸುವ ಪರಿಣತರ ಕೆಲಸ. ಅದಕ್ಕೆ ತಗಲುವ ವೆಚ್ಚವೂ ಹೆಚ್ಚು.

ಆದ್ದರಿಂದ ಪೋಷಕರಲ್ಲಿ ಒಂದು ವಿನಂತಿ. ಮಕ್ಕಳ ಪ್ರಾಜೆಕ್ಟ್, ಮದುವೆಯ ಫೋಟೊ, ಹಿರಿಯರ ದನಿ, ಯಾವುದನ್ನೂ ಒಂದೇ ಡಬ್ಬಿಗೆ ನಂಬಿ ಬಿಡಬೇಡಿ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ.

ಅಂದು ಡಿಸ್ಕ್ ತೆರೆದುಕೊಂಡ ಕೂಡಲೇ ಹುಡುಗಿ ಹಾಡು ಹಾಕಲು ಹೊರಟಳು. ‘ತಡಿಯಮ್ಮ, ಮೊದಲು ನಕಲು ತೆಗಿ’ ಎಂದೆ. ಇಪ್ಪತ್ತು ನಿಮಿಷ ಮೂವರೂ ಸುಮ್ಮನೆ ಪರದೆ ನೋಡುತ್ತ ಕುಳಿತೆವು. ಅಜ್ಜಿಯ ಪದ ಕೇಳಿದ್ದು ಆಮೇಲೆ.