ರಸ್ತೆಯ ಹಿಂದೆಯೇ ಬರುವ ಊರು

ಬೆಂಗಳೂರಿನ ಟ್ರಾಫಿಕ್ ಬಗ್ಗೆ ಎಲ್ಲಿ ಚರ್ಚೆಯಾದರೂ ಒಂದು ಮಾತು ಬಂದೇ ಬರುತ್ತದೆ: ರಸ್ತೆ ಅಗಲ ಮಾಡಿ, ದಟ್ಟಣೆ ತಾನಾಗಿ ಕರಗುತ್ತದೆ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಪರ ವಾದಿಸುವವರೂ ನೆಚ್ಚಿಕೊಂಡಿರುವುದು ಇದನ್ನೇ. ಊರು ಇದ್ದ ಹಾಗೇ ಇರುತ್ತದೆ, ವಾಹನಗಳು ಮಾತ್ರ ಸರಾಗವಾಗಿ ಓಡುತ್ತವೆ ಎಂಬ ಈ ಲೆಕ್ಕಾಚಾರ ಬುಡದಲ್ಲೇ ತಪ್ಪು. ಓಡಾಟ ಸುಲಭವಾದ ಕಡೆ ಊರು ಬೆಳೆಯುತ್ತದೆ. ಒಂದು ಜಾಗದಿಂದ ಕೆಲಸ, ಅಂಗಡಿ, ಜನ ಎಷ್ಟು ಸಲೀಸಾಗಿ ಕೈಗೆಟುಕುತ್ತಾರೆ ಎಂಬುದರ ಮೇಲೆ ಅಲ್ಲಿನ ಖಾಲಿ ನೆಲದ ಭವಿಷ್ಯ ನಿಂತಿದೆ ಎಂದು ಅಮೆರಿಕದ ಸಂಶೋಧಕ ವಾಲ್ಟರ್ ಹ್ಯಾನ್ಸನ್ 1959ರಲ್ಲೇ ತೋರಿಸಿದ್ದರು.

ಹೊರ ವರ್ತುಲ ರಸ್ತೆಯನ್ನೇ ನೋಡಿ. ಲಾರಿಗಳು ನಗರದೊಳಗೆ ನುಗ್ಗದೆ ಸುತ್ತಿಕೊಂಡು ಹೋಗಲಿ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಟ್ಟಿದ ದಾರಿ ಅದು. ದಾರಿ ಆದದ್ದೇ ತಡ, ಬೆಳ್ಳಂದೂರು, ಕಾಡುಬೀಸನಹಳ್ಳಿ, ಮಾರತ್‌ಹಳ್ಳಿಗಳ ಹೊಲಗದ್ದೆಗಳ ಮೇಲೆ ಟೆಕ್ ಪಾರ್ಕುಗಳು ಎದ್ದವು. ಅವುಗಳ ಬೆನ್ನಿಗೇ ಹಳೆಯ ಹಳ್ಳಿಯ ಓಣಿಗಳಲ್ಲಿ ಐದಂತಸ್ತಿನ ಪಿಜಿಗಳು ತಲೆಯೆತ್ತಿದವು. ಎದುರಿನಿಂದ ನೀರಿನ ಟ್ಯಾಂಕರ್ ಬಂದರೆ ಆಟೋ ಹಿಂದಕ್ಕೆ ಸರಿಯಬೇಕಾದ ಓಣಿಗಳವು. 2022ರ ಸೆಪ್ಟೆಂಬರ್ ಮಳೆಗೆ ಇದೇ ಭಾಗ ಮುಳುಗಿ, ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಕಚೇರಿಗಳು ಬಂದು ಎಷ್ಟೋ ವರ್ಷಗಳ ಮೇಲೆ ಅಲ್ಲಿ ಮೆಟ್ರೋ ಕಂಬಗಳು ಏಳತೊಡಗಿದವು. ಲಾರಿಗಳಿಗಾಗಿ ಮಾಡಿದ ದಾರಿ ಊರಿನ ಅತಿ ದಟ್ಟಣೆಯ ಬೀದಿಗಳಲ್ಲೊಂದಾಗಿದೆ.

ಬ್ರೆಜಿಲ್‌ನ ಕುರಿಟಿಬಾ ಬೇರೆ ದಾರಿ ಹಿಡಿಯಿತು. 1974ರಲ್ಲಿ ಬಸ್ಸುಗಳಿಗೇ ಮೀಸಲಾದ ಪಥ ಹಾಕಿದ ಆ ನಗರ, ಎತ್ತರದ ಕಟ್ಟಡಗಳನ್ನು ಆ ಪಥಗಳ ಅಕ್ಕಪಕ್ಕಕ್ಕೆ ತಂದಿತು. ದೂರ ಹೋದಂತೆ ಎತ್ತರದ ಮಿತಿಯನ್ನು ತಗ್ಗಿಸಿತು. ಬಸ್ಸಿನ ನಕ್ಷೆ, ಕಟ್ಟಡದ ನಿಯಮ ಎರಡೂ ಒಂದೇ ಯೋಜನೆಯ ಭಾಗವಾಗಿದ್ದವು.

ಸಾರಿಗೆ, ಕಟ್ಟಡ ಎರಡನ್ನೂ ಹೀಗೆ ಒಟ್ಟಿಗೆ ಯೋಜಿಸುವುದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ನಿಲ್ದಾಣ ಬಂದ ಕಡೆ ನೆಲದ ಬೆಲೆ, ಬಾಡಿಗೆ ಏರುತ್ತದೆ. ಮೆಟ್ರೋ ಯಾರಿಗೆ ಹೆಚ್ಚು ಬೇಕೋ ಅವರೇ ದೂರ ಸರಿಯಬೇಕಾಗುತ್ತದೆ. ಈ ಮಾತು ನಿಜ. ಆದರೆ ಇದು ಯೋಜನೆಯನ್ನು ಕೈಬಿಡಲು ಕಾರಣವಲ್ಲ, ಇನ್ನಷ್ಟು ಬಿಗಿ ಮಾಡಲು ಕಾರಣ. ಸರ್ಕಾರದ ದುಡ್ಡಿನಿಂದ ಏರಿದ ಬೆಲೆಯೆಲ್ಲ ಜಮೀನು ಹಿಡಿದು ಕೂತವರ ಪಾಲಾಗುವುದು ಅನ್ಯಾಯ.

ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೋ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ಪಾಳಿ ದುಡಿಯುವವರಿಗೆ ಈ ನಿಲ್ದಾಣಗಳ ಪಕ್ಕದಲ್ಲಿ ಕೈಗೆಟುಕುವ ಬಾಡಿಗೆ ಮನೆಗಳು ಸಿಗುವಂತೆ ನಿಯಮ ಮಾಡಬೇಕು, ಅದನ್ನೂ ಅಲ್ಲಿನ ಖಾಲಿ ಜಾಗಗಳು ಭರ್ತಿಯಾಗುವ ಮೊದಲೇ ಮಾಡಬೇಕು.