ಸತ್ತ ಪೈಲಟ್ ಎದುರುತ್ತರ ಕೊಡುವುದಿಲ್ಲ

ಈ ವಾರ ಅಹಮದಾಬಾದ್ ವಿಮಾನ ದುರಂತ ಮತ್ತೆ ಟಿವಿ ಚರ್ಚೆಗೆ ಬಂತು. ಕೋಟು ತೊಟ್ಟ ತಜ್ಞರೊಬ್ಬರು ಕೈಯಲ್ಲೊಂದು ಆಟಿಕೆ ವಿಮಾನ ಹಿಡಿದುಕೊಂಡು, ಮೊದಲ ಜಾಹೀರಾತಿಗೂ ಮುಂಚೆಯೇ ತೀರ್ಪು ಕೊಟ್ಟುಬಿಟ್ಟರು: 'ಪೈಲಟ್ ತಪ್ಪು, ಇನ್ನೇನೂ ಇಲ್ಲ.' ನಿರೂಪಕಿ ತಲೆಯಾಡಿಸಿದರು. ನಾನು ರಿಮೋಟ್ ಹುಡುಕಿದೆ. ಸಿಗಲಿಲ್ಲ, ಹಾಗಾಗಿ ಈ ಅಂಕಣ.

ಅಹಮದಾಬಾದಿನಲ್ಲಿ ಏನಾಯಿತೆಂದು ತನಿಖೆ ಹೇಳಲಿ, ನನಗೇನೂ ಆತುರವಿಲ್ಲ. ನನ್ನ ತಕರಾರು ಆ 'ಇನ್ನೇನೂ ಇಲ್ಲ' ಬಗ್ಗೆ. ತಜ್ಞರು ಬೆಂಗಳೂರಿನವರೇ ಆದ್ದರಿಂದ ಬೆಂಗಳೂರಿನದೇ ಉದಾಹರಣೆ ಕೊಡುತ್ತೇನೆ.

1990ರ ಫೆಬ್ರವರಿ 14. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಹೊಚ್ಚ ಹೊಸ ಏರ್‌ಬಸ್ ಎ320, ಬಂದು ಎರಡು ತಿಂಗಳೂ ಆಗಿರಲಿಲ್ಲ. ಮಟಮಟ ಮಧ್ಯಾಹ್ನ, ನಿಚ್ಚಳ ಆಕಾಶ, ಕಣ್ಣೆದುರಿಗೇ ರನ್‌ವೇ. ವಿಮಾನ ಮಾತ್ರ ಅಲ್ಲಿಗೆ ತಲುಪದೆ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿದು, ಪುಟಿದು, ಏರಿಗೆ ಗುದ್ದಿ ಹೊತ್ತಿಕೊಂಡಿತು. 146 ಜನರಲ್ಲಿ 92 ಮಂದಿ ಸತ್ತರು. ಕಾಕ್‌ಪಿಟ್‌ನಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ಅವರಲ್ಲೊಬ್ಬರು ಎ320ರ ಕ್ಯಾಪ್ಟನ್ ಆಗಲು ಪರೀಕ್ಷೆಗೆ ಕೂತವರು, ಇನ್ನೊಬ್ಬರು ಪರೀಕ್ಷಕರು.

ವಿಚಾರಣೆ ನಡೆಸಿದವರು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್. ಎಂಜಿನ್‌ಗಳು 'ಐಡಲ್' ಸ್ಥಿತಿಗೆ ಬಂದಿದ್ದವು, ಅಂದರೆ ವಿಮಾನವನ್ನು ಎತ್ತಿ ಹಿಡಿಯುವಷ್ಟು ಬಲ ಕೊಡುತ್ತಿರಲಿಲ್ಲ. ಯಂತ್ರವೇ ನಾನೂರು, ಮುನ್ನೂರು, ಇನ್ನೂರು ಅಡಿ ಎಂದು ಕೂಗಿ ಹೇಳಿದರೂ ಪೈಲಟ್‌ಗಳು ಎಂಜಿನ್ ಬಲ ಹೆಚ್ಚಿಸುವ ಥ್ರಾಟಲ್ ಅನ್ನು ತಕ್ಷಣ ಮುಂದೆ ತಳ್ಳಲಿಲ್ಲ. ಇದನ್ನು ವರದಿ ಮುಚ್ಚುಮರೆಯಿಲ್ಲದೆ ಹೇಳಿತು. ನಮ್ಮ ತಜ್ಞರಾಗಿದ್ದರೆ ಅಲ್ಲಿಗೇ ಎದ್ದು ಊಟಕ್ಕೆ ಹೋಗುತ್ತಿದ್ದರು.

ಆದರೆ ಇಳಿಯುವ ಆ ಹೊತ್ತಿನಲ್ಲಿ ಎಂಜಿನ್ ಐಡಲ್‌ಗೆ ಹೋದದ್ದಾದರೂ ಹೇಗೆ? ಆಗ ಒಂದು ಊಹೆ ಮೂಡಿತು. ಆ ವಿಮಾನದ ಪೈಲಟ್ ಎದುರಿನ ಫಲಕದಲ್ಲಿ ಒಂದು ತಿರುಪು ಎಷ್ಟು ಎತ್ತರಕ್ಕೆ ಹೋಗಬೇಕೆಂದು ಹೇಳುತ್ತದೆ, ಇನ್ನೊಂದು ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಹೇಳುತ್ತದೆ. 'ನಿಮಿಷಕ್ಕೆ 700 ಅಡಿ' ಎಂದು ಕೊಡಲು ಹೋದ ಕೈ ಎತ್ತರದ ತಿರುಪನ್ನು 700ಕ್ಕೆ ತಿರುಗಿಸಿರಬಹುದು. ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ 2,900 ಅಡಿ ಮೇಲೆ. 700 ಅಂದರೆ ನೆಲದೊಳಗೆ! ವಿಧೇಯ ಯಂತ್ರ ಎಂಜಿನ್ ಸದ್ದಡಗಿಸಿ ಇಳಿಯತೊಡಗುತ್ತದೆ. ಎ320ರಲ್ಲಿ ಕಂಪ್ಯೂಟರ್ ಎಂಜಿನ್ ತಗ್ಗಿಸಿದರೂ ಥ್ರಾಟಲ್ ಹಿಡಿ ಅಲ್ಲಾಡುವುದಿಲ್ಲ. ಹಿಡಿಯ ಮೇಲಿಟ್ಟ ಕೈಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಿ ತಳ್ಳಿದರೂ ಐಡಲ್‌ನಿಂದ ಪೂರ್ತಿ ಬಲಕ್ಕೆ ಏರಲು ಎಂಜಿನ್‌ಗೆ ಹಲವು ಸೆಕೆಂಡು ಬೇಕು.

ಇಷ್ಟೆಲ್ಲ ಜಾಲಾಡಿದ ಮೇಲೂ ಐಡಲ್‌ಗೆ ಹೋದ ಕಾರಣವನ್ನು ಖಚಿತವಾಗಿ ಗುರುತಿಸಲು ಸಾಧ್ಯವಿಲ್ಲ ಎಂದು ವರದಿ ಒಪ್ಪಿಕೊಂಡಿತು. ತಿಂಗಳುಗಟ್ಟಲೆ ಸಾಕ್ಷ್ಯ ಕೇಳಿದ ನ್ಯಾಯಮೂರ್ತಿಗಳಿಗೆ ಇದ್ದ ಸಂಕೋಚ ಆಟಿಕೆ ಹಿಡಿದವರಿಗೆ ಇಲ್ಲ.

ಇಲ್ಲಿ ನನ್ನ ಹಳೇ ರಾಗ ಬರುತ್ತದೆ, ಸಹಿಸಿಕೊಳ್ಳಿ. ರಸ್ತೆ ಉಬ್ಬುಗಳ ಬಗ್ಗೆ ನನಗಿರುವ ಹುಚ್ಚು ಈ ಅಂಕಣದ ಓದುಗರಿಗೆ ಗೊತ್ತು. ನಮ್ಮ ಬಡಾವಣೆಯ ತಿರುವಿನಲ್ಲಿ ರಾತ್ರೋರಾತ್ರಿ ಒಂದು ಹಂಪ್ ಎದ್ದಿತ್ತು. ಬಣ್ಣವಿಲ್ಲ, ಬೋರ್ಡಿಲ್ಲ, ಮೇಲಿನ ಬೀದಿದೀಪ ಕೆಟ್ಟು ಎಷ್ಟು ಕಾಲವಾಯಿತೋ. ನಸುಕಿನಲ್ಲಿ ಹಾಲಿನ ಪ್ಯಾಕೆಟ್ ಹಾಕುವ ಹುಡುಗ ಸ್ಕೂಟರ್ ಸಮೇತ ಹಾರಿಬಿದ್ದು ಹೆಗಲ ಮೂಳೆ ಮುರಿದುಕೊಂಡ. ಕಾಗದದಲ್ಲಿ ಏನು ಬರೆದರು ಗೊತ್ತೇ? 'ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ.' ಕಪ್ಪು ಡಾಂಬರಿನ ಮೇಲಿನ ಕಪ್ಪು ಡಾಂಬರು ಕತ್ತಲಲ್ಲಿ ಅವನಿಗೆ ಕಾಣಲಿಲ್ಲವಲ್ಲ, ಅಜಾಗರೂಕನೇ ಸರಿ! ಹಂಪ್ ಹಾಕಿದವರ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಲೈನ್‌ಮ್ಯಾನ್ ಸತ್ತರೆ ಲೈನ್‌ಮ್ಯಾನ್ ತಪ್ಪು, ಬಸ್ ಉರುಳಿದರೆ ಡ್ರೈವರ್ ತಪ್ಪು. ಕಡತ ಮುಚ್ಚಲು ಕೊನೆಯಲ್ಲಿ ಮುಟ್ಟಿದವನ ಕೈ ಒಂದು ಸಿಕ್ಕರೆ ಸಾಕು.

ಮಂಗಳೂರನ್ನೇ ನೋಡಿ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೆಂಜಾರಿನ ಕಮರಿಗೆ ಬಿತ್ತು. 158 ಸಾವು, ಉಳಿದವರು ಎಂಟೇ ಮಂದಿ. ಕ್ಯಾಪ್ಟನ್ ತಪ್ಪು ಇರಲಿಲ್ಲವೇ? ಖಂಡಿತ ಇತ್ತು. ಮರಳಿ ಬರುವ ದಾರಿಯಲ್ಲಿ ನೂರು ನಿಮಿಷ ನಿದ್ದೆ ಹೊಡೆದಿದ್ದರು, ಗೊರಕೆ ಧ್ವನಿಮುದ್ರಿಕೆಯಲ್ಲೇ ಇದೆ. ಪಕ್ಕದಲ್ಲಿದ್ದ ಸಹಪೈಲಟ್ ಮೂರು ಸಲ 'ಗೋ ಅರೌಂಡ್', ಅಂದರೆ ಇಳಿಯದೆ ಮತ್ತೆ ಮೇಲೇರಿ, ಎಂದರೂ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ಊರಿದರು. ಆದರೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ವಿಚಾರಣಾ ವರದಿಯಲ್ಲಿ ಇನ್ನೂ ಕೆಲವು ಸಾಲುಗಳಿವೆ. ನಿಲ್ದಾಣದ ರೇಡಾರ್ ಎರಡು ದಿನಗಳಿಂದ ಕೆಟ್ಟಿತ್ತು, ಅದರಿಂದಾಗಿ ಕೆಳಗಿಳಿಯುವ ಅನುಮತಿ ತಡವಾಗಿ ಸಿಕ್ಕಿತು. ರಾತ್ರಿ ಮಂಗಳೂರು ಬಿಟ್ಟು ದುಬೈ ಮುಟ್ಟಿ ಬೆಳಗಿಗೆ ವಾಪಸಾಗುವ ಪಾಳಿ. ರನ್‌ವೇ ಆಚೆ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟಡಕ್ಕೆ ಬಲ ರೆಕ್ಕೆ ಬಡಿಯಿತು. ಆ ಪಾಳಿ ಹಾಕಿದ್ದು, ಆ ಕಾಂಕ್ರೀಟ್ ಸುರಿದದ್ದು ಕ್ಯಾಪ್ಟನ್ ಅಲ್ಲ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕಲ್ಲಿಕೋಟೆಯಲ್ಲಿ ಅದೇ ಕಂಪನಿಯ ವಿಮಾನ, ಅಂಥದ್ದೇ ಗುಡ್ಡದ ಮೇಲಿನ ರನ್‌ವೇ, ಮತ್ತೆ ತಡವಾಗಿ ಊರಿದ ಚಕ್ರ. 21 ಸಾವು. ಆ ನೆಲೆಯಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ, ಆ ವಿಮಾನದ ಕ್ಯಾಪ್ಟನ್ನೇ ಮರುದಿನವೂ ವಿಮಾನ ಒಯ್ಯಬೇಕಿತ್ತು ಎಂಬುದು ಆ ತನಿಖಾ ವರದಿಯಲ್ಲೇ ಇದೆ. ಓದಿದವರೆಷ್ಟು?

ತನಿಖೆ ಯಾರ ಮೇಲೂ ತಪ್ಪು ಹೊರಿಸಲು ಅಲ್ಲ, ಮುಂದಿನ ಅಪಘಾತ ತಪ್ಪಿಸಲು ಎಂಬ ಅಂತರರಾಷ್ಟ್ರೀಯ ನಿಯಮಕ್ಕೆ ನಾವೂ ಸಹಿ ಹಾಕಿದ್ದೇವೆ. ವಿಮಾನ ಅಪಘಾತ ತನಿಖಾ ಬ್ಯೂರೋ ಎಂದೇ 2012ರಲ್ಲಿ ಒಂದನ್ನು ಕಟ್ಟಿದೆವು. ಅದಿರುವುದು ನಾಗರಿಕ ವಿಮಾನಯಾನ ಸಚಿವಾಲಯದ ಅಡಿ. ವಿಮಾನಕ್ಕೆ ಪರವಾನಗಿ ಕೊಡುವ ಡಿಜಿಸಿಎ ಇರುವುದೂ ಅಲ್ಲೇ, ರನ್‌ವೇ ನೋಡಿಕೊಳ್ಳುವ ಪ್ರಾಧಿಕಾರ ಇರುವುದೂ ಅಲ್ಲೇ.

ಇನ್ನು ರೈಲಿನ ಕಥೆ ಕೇಳಿ. ರೈಲ್ವೆಯ ತಪ್ಪನ್ನು ರೈಲ್ವೆಯೇ ಹುಡುಕಬಾರದೆಂದು ಬ್ರಿಟಿಷರ ಕಾಲದಲ್ಲೇ, 1941ರಲ್ಲಿ, ರೈಲು ಅಪಘಾತ ತನಿಖೆ ಮಾಡುವ ಅಧಿಕಾರಿಗಳನ್ನು ಬೇರೆ ಇಲಾಖೆಗೆ ಒಪ್ಪಿಸಿದರು. ಆ ರೈಲ್ವೆ ಸುರಕ್ಷತಾ ಆಯುಕ್ತರನ್ನು ಇವತ್ತು ನೋಡಿಕೊಳ್ಳುತ್ತಿರುವುದು ಯಾರು ಗೊತ್ತೇ? ಇದೇ ನಾಗರಿಕ ವಿಮಾನಯಾನ ಸಚಿವಾಲಯ.